ಮಹಾರಾಜರೇ, ನನ್ನ ಮೊಮ್ಮಗಳ ಮೇಲಿಂದ ಏಳಿ

ಮಕ್ಕಳ ಚಿತ್ರಪುಸ್ತಕವೊಂದರ ಹದಿನಾಲ್ಕನೆಯ ಪುಟದಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ ದಯಮಾಡಿಸಿರುವ ಮಹಾರಾಜರ ಸನ್ನಿಧಾನಕ್ಕೆ,

ಮಾನ್ಯರೇ,

ಬಹುಪರಾಕ್! ತಮ್ಮ ಮೀಸೆಗೆ, ಕಿರೀಟಕ್ಕೆ, ಆ ಕಿರೀಟದ ಭಾರಕ್ಕೂ ಬಾಗದ ಕುತ್ತಿಗೆಗೆ ನನ್ನ ದೀರ್ಘದಂಡ ನಮಸ್ಕಾರಗಳು. ನಾನು ಪ್ರತಿ ಶನಿವಾರ ಮಧ್ಯಾಹ್ನ ಬಡಾವಣೆಯ ಗ್ರಂಥಾಲಯದಲ್ಲಿ ಹನ್ನೊಂದು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಕಪಾಟಿನ ಗಾಜು ಅದುರುವ ದನಿಯಲ್ಲಿ ಕಥೆ ಓದುವವನು; ತಮ್ಮ ಗರ್ಜನೆಗಳೆಲ್ಲ ನನ್ನ ಗಂಟಲಿನವೇ ಎಂಬ ಸಲುಗೆಯಿಂದ ಒಂದು ಸಣ್ಣ ಅರಿಕೆ: ತಾವು ಕುಳಿತಿರುವುದು ನನ್ನ ಮೊಮ್ಮಗಳ ಮೇಲೆ.

ಗಾಬರಿಯಾಗಬೇಡಿ, ವಿವರಿಸುತ್ತೇನೆ. ನಮ್ಮ ಚಾಪೆಯ ಕಾನೂನು ಒಂದೇ: ಬೆರಳಿಟ್ಟವರದೇ ಪಾತ್ರ. ಚಿತ್ರದ ಮೇಲೆ ಮೊದಲು ಬೆರಳಿಟ್ಟು 'ಇದು ನಾನು' ಎಂದವರು ಕಥೆ ಮುಗಿಯುವವರೆಗೂ ಅದೇ ಆಗಿರಬೇಕು. ಕ್ಷೌರಿಕನ ಮಗ ರಾಜಕುಮಾರನಾದ. ಅವಳಿ ಹುಡುಗಿಯರು ರಾಜಕುಮಾರಿಯನ್ನು ಸೊಂಟದ ಮೇಲೆ, ಸೊಂಟದ ಕೆಳಗೆ ಎಂದು ಪಾಲು ಮಾಡಿಕೊಂಡರು. ದಪ್ಪ ಕನ್ನಡಕದ ಪುಟ್ಟ ತಡಕಾಡಿ ತಡಕಾಡಿ ಗೂಬೆಯಾದ. ದರ್ಜಿಯ ಮಗಳು ತನ್ನ ಕಪ್ಪು ಕೈಯನ್ನು ಪುಟದ ಪಕ್ಕ ಹಿಡಿದು ನೋಡಿ, ಇಡೀ ರಾಜ್ಯದಲ್ಲಿ ಈ ಬಣ್ಣದ್ದು ಕುದುರೆಯೊಂದೇ ಎಂದು ಕುದುರೆಯಾದಳು. ಎಡಗಂಕುಳಿಗೆ ಊರುಗೋಲು ಸಿಕ್ಕಿಸಿ ನಡೆಯುವ ನನ್ನ ಏಳು ವರ್ಷದ ಮೊಮ್ಮಗಳು ಎಂಟನೆಯ ಪುಟದವರೆಗೂ ಮಗುಚಿ, "ಅಜ್ಜಾ, ಸಿಕ್ತು! ನೋಡು, ನನ್ ಥರಾನೇ ಮೂರು ಕಾಲು!" ಎಂದು ಸ್ಟೂಲಿನ ಮೇಲೆ ಬೆರಳಿಟ್ಟಳು. ಯಾರೂ ನಗಲಿಲ್ಲ, ಪ್ರಭು. ನಕ್ಕಿದ್ದರೆ ಗದರಿ ಸುಮ್ಮನಾಗಿಸುತ್ತಿದ್ದೆ. ಉಳಿದ ಹತ್ತು ಮಕ್ಕಳೂ ಅದು ಸರಿಯೆಂದು ಒಪ್ಪಿಬಿಟ್ಟರು.

ಹದಿನಾಲ್ಕನೆಯ ಪುಟ ಬಂತು. ತಾವು ಬಂದಿರಿ, ಕುಳಿತಿರಿ. "ಏಳೋ ರಾಜ, ಅವಳು ಅಪ್ಪಚ್ಚಿ ಆಗ್ತಾಳೆ!" ಎಂದು ಚಾಪೆಗೆ ಚಾಪೆಯೇ ಚೀರಿತು. ಅವಳು ಮಾತ್ರ, "ಇರ್ಲಿ ಬಿಡ್ರೋ, ಸ್ಟೂಲ್ ಇರೋದೇ ಕೂರೋಕೆ" ಎಂದಳು. ಮನೆಗೆ ಹೋಗುವ ದಾರಿಯಲ್ಲಿ ಕೇಳಿದಳು: "ಮುಂದಿನ ಪುಸ್ತಕದಲ್ಲೂ ಸ್ಟೂಲ್ ಇರುತ್ತಾ ಅಜ್ಜ?"

ತಮ್ಮ ರಾಜ್ಯಭಾರವನ್ನು ಹೊಗಳಲು ಸಾವಿರ ನಾಲಿಗೆ ಸಾಲದು. ಮೂವತ್ತೆರಡು ಪುಟಗಳ ಸಾಮ್ರಾಜ್ಯದಲ್ಲಿ ಒಬ್ಬರಿಗೂ ಕಣ್ಣು ಮಂಜಿಲ್ಲ, ಕಿವಿ ಮಂದವಿಲ್ಲ. ಯುದ್ಧಕ್ಕೆ ಹೋದ ಸೈನಿಕರೆಲ್ಲ ಕೊಂಡೊಯ್ದಷ್ಟೇ ಕೈಕಾಲು ವಾಪಸು ತಂದಿದ್ದಾರೆ. ಪ್ರಜೆಗಳ ಕೆನ್ನೆಗಳೆಲ್ಲ ಒಂದೇ ಡಬ್ಬಿಯ ಗುಲಾಬಿ. ಆ ರಾಜವೈದ್ಯರ ವಿಳಾಸ ದಯಪಾಲಿಸಿದರೆ ನನ್ನ ಮಂಡಿನೋವಿಗೂ ಮದ್ದು ಕೇಳುತ್ತಿದ್ದೆ.

ತಮ್ಮ ಮಹಾಮಂತ್ರಿಗಳಾದ ಪ್ರಕಾಶಕರಿಗೂ ಬರೆದಿದ್ದೆ. 'ಅಂಥ ಮಕ್ಕಳಿಗಾಗಿಯೇ' ಬೇರೊಂದು ಪುಸ್ತಕ ಬರಲಿದೆಯೆಂದೂ, ಅದರಲ್ಲಿ ಊರುಗೋಲಿನ ಹುಡುಗಿ ಧೈರ್ಯದಿಂದ ಬೆಟ್ಟ ಹತ್ತಿ ಎಲ್ಲರ ಕಣ್ಣಲ್ಲೂ ನೀರು ತರಿಸುವಳೆಂದೂ ಉತ್ತರ ಬಂತು. ಮೊಮ್ಮಗಳಿಗೆ ಓದಿ ಹೇಳಿದೆ. "ಬೆಟ್ಟ ಯಾಕಜ್ಜ? ನಂಗೆ ಅರಮನೆ ಅಡುಗೆಮನೇಲಿ ಸಕ್ಕರೆ ಕದೀಬೇಕು" ಎಂದಳು.

ಆದ್ದರಿಂದ ಮಾನ್ಯರೇ, ದಯವಿಟ್ಟು ಏಳಿ. ಎದ್ದು ಒಂದು ಪುಟ ಪಕ್ಕಕ್ಕೆ ಸರಿಯಿರಿ. ಅವಳು ಬಂದು ಸಕ್ಕರೆ ಕದಿಯಲಿ, ಸಿಕ್ಕಿಬೀಳಲಿ, ಅಡುಗೆಯವಳ ಕೈಲಿ ಬೈಸಿಕೊಳ್ಳಲಿ, ಊರುಗೋಲು ಟಕಟಕ ಎನಿಸುತ್ತ ಪರಾರಿಯಾಗಲಿ. ಪದಕ ಬೇಡ, ಯಾರ ಕಣ್ಣೀರೂ ಬೇಡ. ಎಲ್ಲ ಮಕ್ಕಳಿಗೂ ಸಿಗುವಷ್ಟು ಬೈಗುಳ ಸಿಕ್ಕರೆ ಸಾಕು. ದರ್ಜಿಯ ಮಗಳು ಕುದುರೆಯ ಮೇಲೆ ಕೂರಲಿ. ಗೂಬೆ ತನ್ನ ಪಾಡಿಗೆ ಗೂಬೆಯಾಗಿರಲಿ.

ತಾವು ಏಳುವಿರೆಂದು ಇನ್ನೂ ನಂಬಿಕೊಂಡಿರುವ,
ತಮ್ಮ ವಿಶ್ವಾಸಿ,
ಸ್ಟೂಲಿನ ಅಜ್ಜ

ಮರೆತ ಮಾತು: ತಾವು ಏಳುವ ಲಕ್ಷಣ ಕಾಣದೆ, ಈ ಶನಿವಾರ ಮೊಮ್ಮಗಳು ಪೆನ್ಸಿಲ್ ತೆಗೆದು ತಮ್ಮ ಎಡಗಂಕುಳಿಗೆ ಒಂದು ಊರುಗೋಲು ಬರೆದುಬಿಟ್ಟಿದ್ದಾಳೆ. ಅಳಿಸಲೆಂದು ರಬ್ಬರ್ ಹಿಡಿದು ಬಂದ ಗ್ರಂಥಪಾಲಕಿ ಒಂದು ಕ್ಷಣ ನೋಡಿ, ರಬ್ಬರನ್ನು ಮತ್ತೆ ಡ್ರಾಯರಿಗೆ ಹಾಕಿದರು. ಒಡನೆಯೇ ತಮ್ಮ ಮೇಲೆ ಐದಾರು ಬೆರಳು ಬಿದ್ದವು. ಮೊದಲು ಬಿದ್ದದ್ದು ಅವಳದು. ಚಾಪೆಯ ಕಾನೂನಿನಂತೆ ಈಗ ಮಹಾರಾಜ ಅವಳು. ಸ್ಟೂಲಿನ ಪಾತ್ರ ಖಾಲಿಯಿದೆ. ಮಹಾಮಂತ್ರಿಗಳು ಬಿಡುವಾದಾಗ ಬಂದು ಬೆರಳಿಡಬಹುದು.