ಏಳಲೊಲ್ಲದ ಮೆಷಿನ್ನೂ ಫಾರಿಸನ ಶಾಲೂ

ಉಪ್ಪಿನಂಗಡಿಯ ಫಾರಿಸನಿಗೆ ಸಂಜೆ ಶಾಲು ಹೊದೆಸುವುದೆಂದು ನಿಗದಿಯಾಗಿತ್ತು. ಅದೇ ದಿನ ಬೆಳಿಗ್ಗೆ ಅವನ ವರ್ಚುವಲ್ ಮೆಷಿನ್ ನಿದ್ದೆಯಿಂದ ಏಳಲಿಲ್ಲ.

ವರ್ಚುವಲ್ ಮೆಷಿನ್ ಎಂದರೆ ಹೆದರಬೇಕಾಗಿಲ್ಲ. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದೆಯೆಂದು ಅದನ್ನೇ ನಂಬಿಸಿ ದುಡಿಸಿಕೊಳ್ಳುವ ಉಪಾಯ, ಅಷ್ಟೇ. ಹೊರಗಿನ ಕಂಪ್ಯೂಟರ್ ಇದ್ದದ್ದು ಊರಿನ ವಾಚನಾಲಯದ ಮೂಲೆಯಲ್ಲಿ. ಒಳಗಿನ ಮೆಷಿನ್ನಿಗೆ ಫಾರಿಸ್ ವಹಿಸಿದ್ದ ಕೆಲಸ, ಊರವರು ಪೆಟ್ಟಿಗೆ ಅಟ್ಟಗಳನ್ನೆಲ್ಲ ಜಾಲಾಡಿ ಕೊಟ್ಟ ಹಳೆಯ ನೆರೆನೀರಿನ ಫೋಟೋಗಳನ್ನು ಜಗತ್ತಿಗೆ ತೋರಿಸುವುದು. ಫೋಟೋಗಳನ್ನು ತುಂಬಿಟ್ಟದ್ದು ಮಾತ್ರ ಬೇರೆಯೇ ಒಂದು ಡಿಸ್ಕಿನಲ್ಲಿ. ನೇತ್ರಾವತಿ, ಕುಮಾರಧಾರಾ ಎರಡೂ ಸೇರಿ ಅಂಗಡಿಯೊಳಗೆ ಬರುವುದು ಉಪ್ಪಿನಂಗಡಿಯವರಿಗೆ ಕಷ್ಟವೇ. ಆದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಪುತ್ತೂರಿನವರ ಎದುರು ಹೇಳುವಾಗ ಅದು ಹೇಗೋ ಒಂದು ಮೆಟ್ಟಿಲು ಜಾಸ್ತಿ ಏರುತ್ತದೆ. ಹೆಮ್ಮೆ ಎಂದರೆ ಹಾಗೆ.

ವಾಚನಾಲಯದ ಅಧ್ಯಕ್ಷೆ ಕೌಸಲ್ಯಾ ಟೀಚರ್ ಉದ್ಘಾಟನೆಯ ಜೊತೆಗೆ ಸನ್ಮಾನವನ್ನೂ ಇಟ್ಟುಕೊಂಡಿದ್ದರು. ಆದರೆ ಫಾರಿಸನಿಗೆ ಶಾಲಿಗಿಂತ ದೊಡ್ಡ ಆಸೆ ಇನ್ನೊಂದಿತ್ತು. ಅವನ ತಂದೆ ಹಸನಬ್ಬ ದುಬಾಯಿಯ ಬಿಸಿಲಲ್ಲಿ ಬೆವರು ಸುರಿಸಿ ಬಂದವರು. ಮಗನ ಕಂಪ್ಯೂಟರ್ ಅಂಗಡಿಯ ಮಾತು ಬಂದಾಗಲೆಲ್ಲ, "ಕೂತು ಬೆರಳು ಆಡಿಸುದು ಒಂದು ಕೆಲಸವಾ?" ಎಂದು ಕೇಳದೆ ಬಿಟ್ಟವರಲ್ಲ. ಅವರು ಇವತ್ತು ಎದುರಿನ ಸಾಲಿನಲ್ಲಿ ಕೂರಲು ಒಪ್ಪಿದ್ದರು. ಅವರ ಬಾಯಿಂದ ಒಂದೇ ಒಂದು ಶಾಭಾಸ್ ಬಂದರೆ ಫಾರಿಸನ ಜನ್ಮ ಸಾರ್ಥಕ.

ಅವನು ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ವಾಚನಾಲಯದ ಮೆಷಿನ್ನಿನೊಳಗೆ ಇಣುಕಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಫೋಟೋಗಳ ಡಿಸ್ಕಿಗಾಗಿ ಕಾದೆ, ಸಿಗಲಿಲ್ಲ, ಇನ್ನು ಮುಂದೆ ಹೋಗಲಾರೆ.

ಪಕ್ಕದಂಗಡಿಯ ಟೈಲರ್ ಪೋಕರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಒಳಗೆ ಬಂದರು.

"ಎಂತ ಆಯ್ತು ಮಾರಾಯ, ಮುಖ ಹುಳಿ ಮಾಡಿದ್ದು?"

"ಮೆಷಿನ್ ಡಿಸ್ಕ್ ಹಿಡಿತಾ ಇಲ್ಲ ಪೋಕರ್ಚ್ಚ."

"ವಾಚನಾಲಯ ಇಲ್ಲೇ ಎದುರಲ್ಲಿ ಉಂಟಲ್ಲ. ಹೋಗಿ ನೋಡುದಪ್ಪ."

ಫಾರಿಸ್ ನೊಂದುಕೊಂಡ. "ಇಲ್ಲಿ ಕೂತು ಅಮೆರಿಕದ ಮೆಷಿನ್ ಸರಿ ಮಾಡುವ ಕಾಲ ಇದು. ನಾನು ರಸ್ತೆ ದಾಟಿ ಹೋಗುದಾ? ನಮ್ಮ ಫೀಲ್ಡಲ್ಲಿ ಅದಕ್ಕೆ ಮರ್ಯಾದೆ ಇಲ್ಲ."

ಅವನ ಮೊದಲ ಅನುಮಾನ ಹೆಸರಿನ ಮೇಲೆ. ಮೆಷಿನ್ ಏಳುವಾಗ ಡಿಸ್ಕುಗಳ ಹೆಸರು ಅದಲುಬದಲಾಗುವುದುಂಟು. ಹಾಗಾಗಿ ಹೆಸರು ತೆಗೆದು, ಆ ಡಿಸ್ಕಿಗೆ ಹುಟ್ಟಿನಿಂದಲೇ ಬಂದ ಉದ್ದದ ಗುರುತನ್ನು ಬರೆದು ಮೆಷಿನ್ನನ್ನು ಮತ್ತೆ ಎಬ್ಬಿಸಿದ. ಅದು ಕಾದಿತು, ಸಿಗಲಿಲ್ಲ ಎಂದಿತು. ಡಿಸ್ಕಿನ ಒಳಗೇ ಏನೋ ಕೆಟ್ಟಿರಬೇಕೆಂದು ತಪಾಸಣೆಗೆ ಅಪ್ಪಣೆ ಕೊಟ್ಟ. ತಪಾಸಣೆ ಮಾಡಲು ಡಿಸ್ಕೇ ಇಲ್ಲ ಎಂದು ಉತ್ತರ ಬಂತು.

"ಸುಳ್ಳು ಹೇಳ್ತದೆ ಇದು," ಎಂದು ಫಾರಿಸ್ ಹಲ್ಲು ಕಡಿದ.

ಅಷ್ಟರಲ್ಲಿ ಪೆರಾಬೆಯ ಅಡಿಕೆ ಕೃಷಿಕ ಕೃಷ್ಣಮೋಹನರು ಪ್ರಿಂಟರಿನ ಶಾಯಿಗೆ ಬಂದವರು ವಿಷಯ ತಿಳಿದು ಅಲ್ಲೇ ಕೂತುಬಿಟ್ಟರು.

"ನಮ್ಮ ಪಂಪು ನೀರು ಹಿಡಿಯದಿದ್ರೆ ಮೇಲಿಂದ ಒಂದು ಕೊಡ ನೀರು ಹೊಯ್ದು ಸ್ಟಾರ್ಟ್ ಮಾಡುದು. ಇದಕ್ಕೆ ಹಾಗೆ ಎಂತಾದ್ರೂ ಉಂಟಾ?"

"ಇದಕ್ಕೆ ನೀರು ಹೊಯ್ದರೆ ನನ್ನ ಮೇಲೂ ಹೊಯ್ಯಬೇಕಾದೀತು ಅಣ್ಣ."

ಅವರನ್ನು ಸಾಗಹಾಕಿ ಫಾರಿಸ್ ಮೊಬೈಲ್ ಆಫ್ ಮಾಡಿದ, ಶಟರ್ ಅರ್ಧ ಎಳೆದ. "ಯಾರು ಬಂದ್ರೂ ಬಿಡ್ಬೇಡಿ ಪೋಕರ್ಚ್ಚ, ಯಾರು ಬಂದ್ರೂ." ಇಂಥ ಅಧಿಕಾರ ಜನ್ಮದಲ್ಲಿ ಮೊದಲ ಸಲ ಸಿಕ್ಕಿದ ಪೋಕರ್ ಹೊಲಿಗೆ ನಿಲ್ಲಿಸಿ ಬಾಗಿಲಲ್ಲಿ ಸ್ಟೂಲು ಹಾಕಿ ಕೂತರು.

ಮಧ್ಯಾಹ್ನದ ಊಟವೂ ಹೋಯಿತು. ಕೊನೆಗೆ ಫಾರಿಸನ ತಲೆಗೊಂದು ಯುಕ್ತಿ ಹೊಳೆಯಿತು. ಏಳುವಾಗ ಯಾವ ಡಿಸ್ಕ್ ಹುಡುಕಬೇಕೆಂದು ಬರೆದಿಟ್ಟ ಸಾಲಿನಲ್ಲಿ ಒಂದೇ ಪದ ಸೇರಿಸಿದ. ಅದರ ಅರ್ಥ, ಇದು ಸಿಗದಿದ್ದರೂ ಅಡ್ಡಿಯಿಲ್ಲ, ನೀನು ಏಳು. ಮೆಷಿನ್ ಎದ್ದಿತು! ನೆರೆ ಚಿತ್ರಶಾಲೆಗೆ ಸ್ವಾಗತ ಎಂಬ ಮುಖಪುಟ ಫಳಕ್ಕನೆ ಬಂತು. ಫಾರಿಸನ ಎದೆ ಉಬ್ಬಿದ ರೀತಿಗೆ ಅಂಗಿಯ ಗುಂಡಿ ಉಳಿದದ್ದು ಪೋಕರ್ಚ್ಚನ ಹೊಲಿಗೆಯ ಪುಣ್ಯ. ಮುಂದಿನ ಪುಟ ನೋಡಲು ಪುರುಸೊತ್ತಿರಲಿಲ್ಲ. ಮನೆಗೆ ಓಡಿ ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೇರ ಸಭೆಗೆ ಬಂದ.

ವಾಚನಾಲಯ ತುಂಬಿ ಹೋಗಿತ್ತು. ಕಂಪ್ಯೂಟರಿನ ಮೇಜು ಬ್ಯಾನರಿನ ಹಿಂದೆ ಅಡಗಿತ್ತು. ಎದುರಿನ ಸಾಲಿನಲ್ಲಿ ಹಸನಬ್ಬ, ಮಡಿಲಲ್ಲಿ ಒಂದು ಬಟ್ಟೆ ಚೀಲ.

"ನಮ್ಮ ಊರಿನ ಹೆಮ್ಮೆಯ ಕುವರ ಫಾರಿಸ್," ಎಂದು ಕೌಸಲ್ಯಾ ಟೀಚರ್ ಬಾಯ್ತುಂಬ ಹೊಗಳಿ, ಮೌಸ್ ಒತ್ತಿದರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅಕ್ಷರ ಮೂಡಿತು. ಒಟ್ಟು ಚಿತ್ರಗಳು: ಸೊನ್ನೆ.

ಇನ್ನೊಮ್ಮೆ ಒತ್ತಿದರು. ಸೊನ್ನೆಯೇ.

"ಅಜ್ಜನ ಫೋಟೋ ಕೊಟ್ಟಿದ್ದೆ ಮಾರಾಯ್ರೆ, ಇದ್ದದ್ದು ಅದೊಂದೇ," ಎಂದು ಹಿಂದಿನಿಂದ ಯಾರೋ ಅಳುವ ಸ್ವರದಲ್ಲಿ ಹೇಳಿದರು. ಫಾರಿಸನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಆಗ ಹಸನಬ್ಬ ಎದ್ದು ನಿಂತು ಚೀಲದಿಂದ ಒಂದು ಕಪ್ಪು ಡಬ್ಬಿ ಹೊರತೆಗೆದರು. "ಮಗಾ, ಇದು ಬೇಕಿತ್ತಾ ನಿನಗೆ?"

ಡಿಸ್ಕ್!

"ನಿನ್ನೆ ಸಾಯಂಕಾಲ ನಾನು ಇಲ್ಲಿ ಪೇಪರ್ ಓದ್ತಾ ಇದ್ದೆ. ಒಂದು ಗುಡುಗು ಬಂತು ನೋಡಿ! ಓಡಿ ಕರೆಂಟಿನ ಎಲ್ಲ ಪಿನ್ನು ತೆಗ್ದೆ. ಪಿನ್ನು ತೆಗೆದ್ರೂ ಸಿಡಿಲನ್ನು ನಂಬ್ಲಿಕ್ಕಾಗ್ತದಾ? ಊರಿನ ಫೋಟೋ ಪೂರಾ ಈ ಡಬ್ಬಿಯಲ್ಲಿ ಉಂಟು ಅಂತ ಇವನೇ ಹೇಳಿದ್ದು. ಮನೆಗೆ ಕೊಂಡುಹೋಗಿ ಅಕ್ಕಿ ಡ್ರಮ್ಮಿನೊಳಗೆ ಇಟ್ಟೆ. ಬೆಳಿಗ್ಗೆ ಇಲ್ಲಿಯವರು ಬಾಕಿ ಪಿನ್ನೆಲ್ಲ ಹಾಕಿದ್ದಾರೆ. ಇದನ್ನು ಕೊಡ್ಲಿಕ್ಕೆ ಅಂಗಡಿಗೆ ಬಂದ್ರೆ ಪೋಕರ್ ಒಳಗೆ ಬಿಡ್ಲಿಲ್ಲ."

"ಯಾರು ಬಂದ್ರೂ ಬಿಡ್ಬೇಡಿ ಅಂದಿದ್ದ," ಎಂದರು ಪೋಕರ್, ಕರ್ತವ್ಯದ ಹೆಮ್ಮೆಯಿಂದ.

ಮೊದಲ ಗುಡುಗಿಗೆ ಮನೆಯ ಪಿನ್ನೆಲ್ಲ ಕೀಳುವುದು ಈ ಕಡೆ ಮಕ್ಕಳಿಗೂ ಗೊತ್ತು. ಸಿಡಿಲಿಗೆ ಒಂದು ಟೀವಿಯನ್ನೋ ಮೋಡೆಮ್ಮನ್ನೋ ಕಳೆದುಕೊಳ್ಳದವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಡಿಸ್ಕನ್ನು ಮನೆಗೇ ಕೊಂಡುಹೋದ ಮುಂದಾಲೋಚನೆಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೌಸಲ್ಯಾ ಟೀಚರಿಗೆ ಕಣ್ಣು ತುಂಬಿ ಬಂತು. "ಸಿಡಿಲಿನ ಬಾಯಿಯಿಂದ ನಮ್ಮ ನೆನಪುಗಳನ್ನು ಉಳಿಸಿಕೊಟ್ಟ ಹಸನಬ್ಬರಿಗೆ..." ಎನ್ನುತ್ತ, ಇದ್ದ ಒಂದೇ ಶಾಲನ್ನು ಅವರ ಹೆಗಲಿಗೆ ಹೊದೆಸಿದರು. ಫಾರಿಸ್ ಬ್ಯಾನರಿನ ಹಿಂದೆ ಮಂಡಿಯೂರಿ ಡಿಸ್ಕ್ ಜೋಡಿಸಿದ. ಗೋಡೆಯ ತುಂಬ ನೀರು ತುಂಬಿತು, ದೋಣಿಗಳು ಬಂದವು, ಅಜ್ಜಂದಿರು ಬಂದರು. ಹಿಂದಿನಿಂದ ಸಭೆಯ ಉದ್ಗಾರ ಕೇಳಿ ಅವನಿಗೂ ಹೆಮ್ಮೆಯಾಯಿತು, ಆ ಗೋಡೆ ಕಾಣುವ ಜಾಗದಲ್ಲಿ ಅವನಿರಲಿಲ್ಲ ಅಷ್ಟೇ.

ಸಭೆ ಮುಗಿದ ಮೇಲೆ ಹಸನಬ್ಬ ಮಗನ ಬೆನ್ನ ಮೇಲೆ ಕೈಯಿಟ್ಟರು. "ಶಾಭಾಸ್ ಮಗಾ!"

ಫಾರಿಸ್ ಗಕ್ಕನೆ ಅವರ ಕಡೆ ತಿರುಗಿದ. "ಬಾಪಾ..."

"ಇಷ್ಟು ಮರ್ಯಾದೆ ಉಂಟು ಈ ಕೆಲಸಕ್ಕೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದು ಹಸನಬ್ಬ ಶಾಲು ಸರಿಪಡಿಸಿಕೊಂಡರು. "ನಾಳೆಯಿಂದ ಅಂಗಡಿಯಲ್ಲಿ ನಾನೇ ಕೂತ್ಕೊಳ್ಳುದು. ನೀನು ಹತ್ರ ನಿಂತು ನೋಡಿ ಕಲಿ."