ಕಸ ಕದಿಯುವ ಕಾಕಾ

ನಮ್ಮ ಕಾಕಾ ಕಳ್ಳರು! ನಗಬೇಡಿ, ಇಡೀ ಓಣಿಯೇ ಸಾಕ್ಷಿ. ಅವರು ಕದಿಯುವುದು ಬಂಗಾರವಲ್ಲ, ಮಂದಿ ಮನೆಯ ಕಸ.

ನಾನಿರುವುದು ಗದಗಿನ ಹೊಸ ಬಡಾವಣೆಯಲ್ಲಿ. ಹಸಿ ಕಸಕ್ಕೆ ಹಸಿರು ಬಕೆಟ್, ಒಣ ಕಸಕ್ಕೆ ನೀಲಿ. ದಿನಾ ಬೆಳಿಗ್ಗೆ ಹಾಡು ಹಾಕಿಕೊಂಡು ಗಾಡಿ ಬರುತ್ತದೆ. ಮದುವೆಯಾಗದ ಕಾಕಾ ಒಬ್ಬರೇ ಇರುವುದು ಬೆಟಗೇರಿಯ ಸಂದಿಯೊಂದರಲ್ಲಿ. ಅಲ್ಲಿ ಗಾಡಿ ತಿರುಗುವಷ್ಟು ಜಾಗವಿಲ್ಲ. ಎಲ್ಲರೂ ಮೂಲೆಗೆ ಸುರಿಯುತ್ತಾರೆ, ಯಾರೋ ಕಡ್ಡಿ ಗೀರುತ್ತಾರೆ. ಬೆಂಕಿ ಬೀಳುವ ಮೊದಲೇ ಕಾಕಾ ಕೋಲು ಹಿಡಿದು ಹಾಜರು! ಸಿಪ್ಪೆ, ಸೊಪ್ಪು ಎಲ್ಲ ಕೆದರಿ ತೆಗೆದು ಬೀದಿ ದನಗಳಿಗೆ ಹಾಕುತ್ತಾರೆ. ಹಾಕಿ ಸುಮ್ಮನಿರುತ್ತಾರೆಯೇ?

"ಏನವಾ, ಅಳಿಯಾರು ಬಂದಾರೇನು? ಹನ್ನೆರಡು ಮಾವಿನ ಗೊರಟ ಬಿದ್ದಾವು!"

"ಮಂದಿ ಕಸಾ ಎಣಸೋದು ಬಿಟ್ಟು ನಿಮಗ ಬ್ಯಾರೆ ಕೆಲಸಿಲ್ಲೇನ್ರಿ ಅಜ್ಜಾರ?" ಎನ್ನುತ್ತಾಳೆ ಎದುರು ಮನೆಯಾಕೆ.

"ಇಲ್ಲವಾ, ಖರೇನ ಇಲ್ಲ!"

ಒಮ್ಮೆ ಬಲವಂತದಿಂದ ನಮ್ಮ ಮನೆಗೆ ಕರೆತಂದೆ. ಬೆಳಿಗ್ಗೆ ಗಾಡಿ ಹಾಡುತ್ತ ಬಂತು. ಕಾಕಾ ಹೊರಗೆ ನಿಂತು ಆಚೀಚೆ ನೋಡಿದರು. ಪ್ರತಿ ಗೇಟಿನ ಮುಂದೆ ಬಕೆಟ್ಟುಗಳ ಜೋಡಿ. ಮನುಷ್ಯರು ಒಬ್ಬರೂ ಇಲ್ಲ.

"ಏನ್ಲೇ, ಇಲ್ಲಿ ಕಸಕ್ಕ ಹಾಡು ಐತಿ, ಮಂದೀಗೆ ಮಾತಿಲ್ಲೇನು?"

ಮಧ್ಯಾಹ್ನವೇ ಟಂಟಂ ಆಟೊ ಹತ್ತಿ ಹೋಗಿಬಿಟ್ಟರು!

ಹೋದ ವಾರ ಅವರನ್ನು ನೋಡಲು ಹೋದೆ. ಅಂದು ಬೆಂಕಿ ಮೊದಲೇ ಬಿದ್ದಿತ್ತು. ಆದರೂ ಕಾಕಾ ಬಗ್ಗಿ, ಉರಿಯೊಳಗಿಂದ ಕುಂಬಳದ ಸಿಪ್ಪೆ ಎಳೆಯುತ್ತಿದ್ದರು. "ಕಾಕಾ, ಹಿಂದ ಸರೀರಿ!" ಎನ್ನುವಷ್ಟರಲ್ಲಿ ಢಂ! ಯಾರೋ ಎಸೆದ ಸೆಂಟಿನ ಡಬ್ಬಿ ಸಿಡಿಯಿತು. ಅವರ ಧೋತರಕ್ಕೆ ಬೆಂಕಿ ಹತ್ತಿತು. ಡಿಗ್ರಿ ಓದಿದ ನಾನು ಏನು ಮಾಡಿದೆ? ಎರಡು ಕ್ಷಣ ಕಲ್ಲಾಗಿ ನಿಂತೆ! ಎದುರು ಮನೆಯಾಕೆ ಓಡಿಬಂದು ಕೊಡ ನೀರು ಸುರಿದಳು. ಆ ಎರಡು ಕ್ಷಣ ನನಗಿನ್ನೂ ಮುಗಿದಿಲ್ಲ. ಕುಕ್ಕರ್ ಸೀಟಿ ಹೊಡೆದರೂ ಬೆಚ್ಚಿ ಎದ್ದು ನಿಲ್ಲುತ್ತೇನೆ.

ಸುಟ್ಟ ಕಾಲಿಗೆ ಮುಲಾಮು ಹಚ್ಚುತ್ತ ಬೈದೆ. "ದನದ ಸಲುವಾಗಿ ಸಾಯಾಕ ನಿಂತಿದ್ರೇನು?"

"ದನಾ ಎಲ್ಲರೆ ಮೇಯ್ತಾವು ಬಿಡು," ಎಂದರು ಮೆಲ್ಲಗೆ. "ಒಳಗ ಕುಂತ್ರ ನನ್ನ ಯಾರ್ ಮಾತಾಡಸ್ತಾರಪಾ? ಕಸಕ್ಕ ಕೈ ಹಾಕಿದ್ರ ನಾಕ್ ಮಂದಿ ಬೈತಾರ."

"ನಮ್ಮ ಮನಿಗೇ ಬಂದ್ಬಿಡ್ರಿ."

"ಅಲ್ಲಿ ಬೈಯಾಕ ಯಾರದಾರ?"

ಆ ಬಡಾವಣೆಗೆ ಹೋಗಿ ನನಗೆ ನಾಲ್ಕು ವರ್ಷ. ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ಮುಲಾಮಿನ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ.

"ನಾ ಬೈತೀನ್ರಿ ಕಾಕಾ," ಎಂದೆ. "ದಿನಾ ಮುಂಜಾನೆ ಇಲ್ಲಿಗೇ ಬಂದು ಬೈತೀನಿ."