ಹೊಟ್ಟೆಯ ಐದನೇ ಪಾಲು

ತೂಕ ಮತ್ತು ಅಳತೆ ಇಲಾಖೆಯ ಸಮಸ್ತ ನೌಕರರ ಹೊಟ್ಟೆಯ ಐದನೇ ಒಂದು ಭಾಗವು ಇನ್ನು ಮುಂದೆ ಖಾಲಿ ಇರತಕ್ಕದ್ದೆಂದು ನಿರ್ದೇಶಕರು ಆದೇಶ ಹೊರಡಿಸಿದರು. ಆದೇಶವು ತಕ್ಷಣದಿಂದ ಜಾರಿಗೆ ಬರುವುದೆಂದು ಇದ್ದುದರಿಂದ, ಆಗಲೇ ಊಟ ಮುಗಿಸಿದ್ದವರು ಏನು ಮಾಡತಕ್ಕದ್ದೆಂಬ ಬಗ್ಗೆ ಮಧ್ಯಾಹ್ನವೆಲ್ಲ ಚರ್ಚೆ ನಡೆಯಿತು.

ನಿರ್ದೇಶಕರು ಹೊಸ ನಮೂನೆಯ ತಕ್ಕಡಿಗಳನ್ನು ನೋಡಿಬರಲು ಇಲಾಖೆಯ ಖರ್ಚಿನಲ್ಲಿ ಜಪಾನಿಗೆ ಹೋಗಿದ್ದರು. ತಕ್ಕಡಿ ನೋಡಲು ಪುರುಸೊತ್ತಾಗಲಿಲ್ಲ. ಊಟವನ್ನು ಮಾತ್ರ ಹೊತ್ತುಹೊತ್ತಿಗೆ ನೋಡಿಬಂದರು. ಅಲ್ಲಿನ ಹಿರಿಯರು ಚಿಕ್ಕ ಬಟ್ಟಲಲ್ಲಿ ಬಡಿಸಿಕೊಂಡು, ಅನ್ನಕ್ಕೆ ಕೈಮುಗಿದು, ಎರಡು ಕಡ್ಡಿಗಳಲ್ಲಿ ಸಾವಕಾಶವಾಗಿ ತಿಂದು, ಹೊಟ್ಟೆ ನೂರಕ್ಕೆ ಎಂಬತ್ತು ತುಂಬಿತೆನ್ನುವಾಗ ಎದ್ದುಬಿಡುತ್ತಾರಂತೆ. ಆದ್ದರಿಂದಲೇ ತೊಂಬತ್ತರಲ್ಲೂ ಮೆಟ್ಟಿಲು ಹತ್ತುತ್ತಾರಂತೆ. ನಮ್ಮವರಾದರೋ ಮೆಟ್ಟಿಲು ಕಂಡರೇ ಏದುಸಿರು ಬಿಡುತ್ತಾರೆ ಎಂದು ನಿರ್ದೇಶಕರು ಸಭೆಯಲ್ಲಿ ನೊಂದು ನುಡಿದರು. ಸ್ವತಃ ನಿರ್ದೇಶಕರ ಅನುಕೂಲಕ್ಕಾಗಿ ಸಭೆಯನ್ನು ನೆಲಮಹಡಿಯಲ್ಲಿ ಕರೆಯಲಾಗಿತ್ತು.

ಹೊಟ್ಟೆ ಎಂಬತ್ತು ತುಂಬಿದೆಯೆಂದು ನಿರ್ಧರಿಸುವ ಹೊಣೆ ಹಿರಿಯ ಇನ್ಸ್‌ಪೆಕ್ಟರರ ಮೇಲೆ ಬಿತ್ತು. ಊರೆಲ್ಲ ಇವರನ್ನು ಗುಲಗಂಜಿ ಸಾಹೇಬರು ಎಂದೇ ಕರೆಯುತ್ತಿತ್ತು. ತೂಕದಲ್ಲಿ ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಅವರು ಯಾವ ತಕ್ಕಡಿಗೂ ಮುದ್ರೆ ಒತ್ತಿದವರಲ್ಲ. ಬೆಳಿಗ್ಗೆ ಪೇಟೆ ಬೀದಿಯಲ್ಲಿ ಅವರು ಕಂಡರೆ ಅಂಗಡಿಯವರೆಲ್ಲ ಎದ್ದು ನಿಲ್ಲುತ್ತಿದ್ದರು. ಬದುಕಿನಲ್ಲಿ ಅವರು ಸಂಪಾದಿಸಿದ್ದು ಅದೊಂದೇ. ಉಳಿದಂತೆ ಆಳು ಮೂಟೆಯಂತಿದ್ದರು. ಯಾವುದೇ ಕೋಣೆಗೆ ತಾನು ಬರುವ ಮೊದಲು ತನ್ನ ಹೊಟ್ಟೆ ಬಂದು ನಮಸ್ಕಾರ ಹೇಳಿರುತ್ತದೆ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಆದರೆ ಆದೇಶದ ಕೊನೆಯ ಸಾಲು ಓದಿದಾಗ ಅವರಿಗೆ ನಗು ಬರಲಿಲ್ಲ. ಮೂರು ತಿಂಗಳಲ್ಲಿ ತೂಕ ಇಳಿಸದವರಿಂದ ಮುದ್ರೆ ವಾಪಸು ಪಡೆದು, ಜಪ್ತಿಯಾದ ತಕ್ಕಡಿಗಳ ಧೂಳು ಒರೆಸಲು ಗೋದಾಮಿಗೆ ಹಾಕಲಾಗುವುದು ಎಂದಿತ್ತು.

ಗುಲಗಂಜಿ ಸಾಹೇಬರು ತಮಗೆ ಗೊತ್ತಿದ್ದ ಒಂದೇ ವಿಧಾನದಲ್ಲಿ ಕೆಲಸ ಶುರುಮಾಡಿದರು. ಪ್ರತಿಯೊಬ್ಬರ ಊಟದ ಡಬ್ಬಿ ತೂಗಿ, ಐದರಲ್ಲೊಂದು ಪಾಲು ತೆಗೆದಿಟ್ಟರು. ವಾರಸುದಾರರಿಲ್ಲದ ಅನ್ನ ಕಚೇರಿಯಲ್ಲಿ ಇರಕೂಡದೆಂಬ ಕಾರಣಕ್ಕೆ ಆ ಪಾಲುಗಳೆಲ್ಲ ನಿರ್ದೇಶಕರ ಕೋಣೆಗೆ ಹೋದವು; ಸಂಜೆ ಖಾಲಿ ಪಾತ್ರೆಗಳು ನಿಯಮಬದ್ಧವಾಗಿ ಹೊರಬಂದವು. ಕಡ್ಡಿಗಳ ಸರಬರಾಜು ತಡವಾದ್ದರಿಂದ ನೌಕರರು ಎರಡೆರಡು ಪೆನ್ಸಿಲ್ ಹಿಡಿದು ಉಂಡರು. ಟೈಪಿಸ್ಟಮ್ಮನ ತುಟಿಗೆ ಸೀಸದ ಕಪ್ಪು ಅಂಟಿಕೊಂಡದ್ದನ್ನು ಸಾಂಸ್ಕೃತಿಕ ವಿನಿಮಯವೆಂದು ದಾಖಲಿಸಲಾಯಿತು.

ಮನೆಯಲ್ಲಿ ಸಾಹೇಬರ ಹೆಂಡತಿ ಎಲ್ಲವನ್ನೂ ಕೇಳಿ ಒಂದು ಕ್ಷಣ ಲೆಕ್ಕ ಹಾಕಿದರು.

"ಐದರಲ್ಲೊಂದು ಪಾಲು ಅಲ್ಲಿ ತೆಗೀತಾರೆ ಅಂದ್ರೆ, ನಾಲ್ಕರಲ್ಲೊಂದು ಪಾಲು ನಾನಿಲ್ಲಿ ಜಾಸ್ತಿ ಹಾಕ್ತೀನಿ. ನಿಮ್ಮ ಊಟ ನಿಮಗೆ ಸಿಕ್ಕೇ ಸಿಗುತ್ತಲ್ಲ ರೀ."

ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದರೆ ಸಾಹೇಬರು ತಕರಾರು ತೆಗೆಯುತ್ತಿದ್ದರು. ಇದೇ ಲೆಕ್ಕ ಎಲ್ಲ ನೌಕರರ ಮನೆಗಳಲ್ಲೂ ಆಗಿತ್ತೆಂದು ಡಬ್ಬಿಗಳು ಒಂದಂತಸ್ತು ಬೆಳೆದುಬಂದಾಗ ತಿಳಿಯಿತು. ರಾತ್ರಿಯೂಟಕ್ಕೆ ಸಾಹೇಬರು ಚಿಕ್ಕ ಬಟ್ಟಲನ್ನೇ ಇಟ್ಟುಕೊಂಡರು. ಬಟ್ಟಲು ಚಿಕ್ಕದಿರಬೇಕು ಎಂದು ಆದೇಶದಲ್ಲಿತ್ತು, ಎಷ್ಟು ಸಲ ತುಂಬಿಸಬೇಕೆಂದು ಇರಲಿಲ್ಲ. ಹಸಿವು ತನ್ನ ಬುದ್ಧಿಗೆ ಕಾನೂನು ಓದಿಸಿದೆ ಎಂದು ಅವರಿಗೇ ನಾಚಿಕೆಯಾಯಿತು; ನಾಚಿಕೊಳ್ಳುತ್ತಲೇ ಬಟ್ಟಲು ಮುಂದೆ ಚಾಚಿದರು.

ಮೂರು ತಿಂಗಳಾಯಿತು. ಸಾಹೇಬರೇ ಮುದ್ರೆ ಒತ್ತಿದ್ದ ಕಚೇರಿಯ ದೊಡ್ಡ ತಕ್ಕಡಿಯನ್ನು ಹಜಾರದ ನಡುವೆ ಇಡಲಾಯಿತು. ಮೇಲ್ಪಂಕ್ತಿ ಹಾಕಿಕೊಡಲೆಂದು ನಿರ್ದೇಶಕರು ಮೊದಲು ಹತ್ತಿದರು. ಮುಳ್ಳು ಅವರ ಮೂರು ತಿಂಗಳ ಹಿಂದಿನ ತೂಕದ ಗುರುತನ್ನು ದಾಟಿ ಬಲಕ್ಕೆ ಹೋಯಿತು. ಅವರು ಇಳಿದು, ಬೂಟು ಬಿಚ್ಚಿ, ಕನ್ನಡಕ ತೆಗೆದಿಟ್ಟು, ಮತ್ತೆ ಹತ್ತಿದರು. ಮುಳ್ಳು ಬಲಕ್ಕೇ ಹೋಯಿತು. ಟೈಪಿಸ್ಟಮ್ಮ ಸೂರಿನ ಫ್ಯಾನನ್ನು ಆಸಕ್ತಿಯಿಂದ ನೋಡತೊಡಗಿದರು.

ಯಂತ್ರ ಕೆಟ್ಟಿದೆ, ಬೇರೆ ತನ್ನಿ ಎಂದು ನಿರ್ದೇಶಕರು ಹೇಳಿದರು.

ಮನುಷ್ಯರು ಹತ್ತಬಹುದಾದ ತಕ್ಕಡಿ ಗೋದಾಮಿನಲ್ಲಿ ಇನ್ನೊಂದೇ ಇತ್ತು. ಅದು ಗುಜರಿ ಅಂಗಡಿಯವನದ್ದು. ಅವನು ಹಳೆ ಕಬ್ಬಿಣ, ಹಳೆ ಪೇಪರು ಕೊಳ್ಳುವಾಗ ಐದು ಕಿಲೋ ಇಟ್ಟರೆ ನಾಲ್ಕೇ ತೋರಿಸುವಂತೆ ಅದನ್ನು ಪಳಗಿಸಿಟ್ಟಿದ್ದ. ಹಿಡಿದು ಜಪ್ತಿ ಮಾಡಿದ್ದು ಗುಲಗಂಜಿ ಸಾಹೇಬರೇ. ಈಗ ನಿರ್ದೇಶಕರು ಅದರ ಮೇಲೆ ನಿಂತರು, ಮುಳ್ಳು ವಿನಯದಿಂದ ಎಡಗಡೆ ನಿಂತುಕೊಂಡಿತು, ಹಜಾರವೆಲ್ಲ ಚಪ್ಪಾಳೆ ತಟ್ಟಿತು.

"ಇದಕ್ಕೆ ಮುದ್ರೆ ಇಲ್ಲವಲ್ಲ. ನೀವೂ ಹತ್ತಿ ನೋಡಿ ಹೇಳಿ. ಈ ತಕ್ಕಡಿ ಸರೀನಾ?" ಎಂದು ನಿರ್ದೇಶಕರು ಗುಲಗಂಜಿ ಸಾಹೇಬರನ್ನು ಕೇಳಿದರು.

ಸಾಹೇಬರು ಹತ್ತಿದರು. ಮದುವೆಯ ದಿನ ಎಷ್ಟಿದ್ದರೋ ಅಷ್ಟೇ ತೂಕ ಬಂತು. ಸುಳ್ಳೆಂದು ಗೊತ್ತಿದ್ದೂ ಅವರಿಗೆ ಒಂದು ಗಳಿಗೆ ನಿಜವಾಗಿ ಖುಷಿಯಾಯಿತು. ಆಮೇಲೆ ಗೋದಾಮಿನ ಧೂಳು ನೆನಪಾಯಿತು, ಎದ್ದು ನಿಲ್ಲುವ ಪೇಟೆ ಬೀದಿ ನೆನಪಾಯಿತು.

"ಸರಿಯಾಗಿದೆ ಸಾರ್," ಎಂದರು. ಮೂರು ತಿಂಗಳಲ್ಲಿ ಅವರ ಮೈಯಲ್ಲಿ ಇಳಿದದ್ದು ಆ ದನಿ ಒಂದೇ. ಮುದ್ರೆ ಒತ್ತಿದರು; ಗುರುತು ಅಚ್ಚುಕಟ್ಟಾಗಿ ಬಿತ್ತು.

ಒಂದು ಇಲಾಖೆಯಲ್ಲಿ ಎರಡು ನಿಜಗಳು ಇರಕೂಡದಾದ್ದರಿಂದ ಹಳೆಯ ತಕ್ಕಡಿಯನ್ನು ಸುಳ್ಳೆಂದು ಘೋಷಿಸಿ ಗೋದಾಮಿಗೆ ಕಳಿಸಲಾಯಿತು. ಗುಜರಿಯವನನ್ನು ಕರೆಸಿ ವಿಷಾದ ಸೂಚಿಸಿ, ಇಲಾಖೆಯ ಆರೋಗ್ಯ ಸಲಹೆಗಾರನನ್ನಾಗಿ ನೇಮಿಸಲಾಯಿತು. ತನ್ನ ತಕ್ಕಡಿಯ ಬಗ್ಗೆ ತಾನು ಆವತ್ತೂ ಇದನ್ನೇ ಹೇಳಿದ್ದೆನೆಂದು ಅವನು ಸೌಜನ್ಯದಿಂದ ನೆನಪಿಸಿದ. ಇನ್ನು ಊರಿನ ತಕ್ಕಡಿಗಳನ್ನೆಲ್ಲ ಹೊಸ ತಕ್ಕಡಿಗೆ ಹೋಲಿಸಿ ನೋಡುವುದೊಂದೇ ಬಾಕಿ. ಗುಲಗಂಜಿ ಸಾಹೇಬರು ಅದನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಪೇಟೆ ಬೀದಿಗೆ ಹೊರಟರು. ಅಂಗಡಿಯವರು ಎಂದಿನಂತೆ ಎದ್ದು ನಿಂತರು.

ಮೊದಲ ಅಂಗಡಿ ಅಕ್ಕಿ ಮಾರುವ ಅಜ್ಜಿಯದು. ತೂಗಿದ ಮೇಲೂ ಒಂದು ಹಿಡಿ ಮೇಲಕ್ಕೆ ಹಾಕಿ ಕೊಡುವ ಕೈ ಅದು. ತೂಕ ಕಲಿಯುವುದಿದ್ದರೆ ಅಜ್ಜಿಯಿಂದ ಕಲಿಯಿರಿ ಎಂದು ಸಾಹೇಬರೇ ಬೀದಿಗೆಲ್ಲ ಹೇಳಿದ್ದುಂಟು. ಈಗ ಸಾಹೇಬರು ಅಜ್ಜಿ ತೂಗಿಟ್ಟ ಮೂಟೆಯನ್ನು ಹೊಸ ತಕ್ಕಡಿಗೆ ಏರಿಸಿದರು. ಐದನೇ ಒಂದು ಪಾಲು ಕಡಿಮೆ ಬಂತು. ಅಜ್ಜಿ ಮುಳ್ಳನ್ನು ನೋಡಿದರು, ಮುದ್ರೆಯನ್ನು ನೋಡಿದರು. ಅದು ಗುಲಗಂಜಿ ಸಾಹೇಬರ ಮುದ್ರೆಯಾದ್ದರಿಂದ ಅನುಮಾನ ಪಡುವ ಮಾತೇ ಇರಲಿಲ್ಲ.

"ಅಂದ್ರೆ ನಾನಿಷ್ಟು ವರ್ಷ ಜನಕ್ಕೆ ಮೋಸ ಮಾಡ್ಕೊಂಡು ಬಂದೆನಾ ಸಾರ್?"

ನಿಜ ಸಾಹೇಬರ ನಾಲಿಗೆ ತುದಿಗೆ ಬಂದಿತ್ತು. ಹಿಂದೆ ನಿಂತಿದ್ದ ಗಿರಾಕಿಯೊಬ್ಬ, ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದ.

"ಗೊತ್ತಿಲ್ಲದೆ ಆಗಿದ್ದು ಅಜ್ಜಿ. ಇಲಾಖೆ ಕ್ಷಮಿಸುತ್ತೆ," ಎಂದರು ಸಾಹೇಬರು.

ಅಜ್ಜಿ ತಮ್ಮ ತಕ್ಕಡಿಯನ್ನು ಸೆರಗಿನಿಂದ ಒರೆಸಿ, ತಾವೇ ಎತ್ತಿ ಗಾಡಿಯಲ್ಲಿಟ್ಟರು. ಅಂದಿನಿಂದ ಹೊಸ ತಕ್ಕಡಿಯ ಲೆಕ್ಕದಂತೆ ಊರಿನ ಮೂಟೆಗಳೆಲ್ಲ ಹಿಂದಿಗಿಂತ ದಪ್ಪಗಾದವು, ಜನ ಹಿಂದಿಗಿಂತ ಹೆಚ್ಚು ಉಂಡರು, ಇಲಾಖೆಯ ತಕ್ಕಡಿ ಹತ್ತಿ ಸಣ್ಣಗಾಗಿ ಇಳಿದರು. ಜಪಾನಿನ ಪದ್ಧತಿಯ ಸಂಪೂರ್ಣ ಯಶಸ್ಸನ್ನು ಅಧ್ಯಯನ ಮಾಡಲು ನಿರ್ದೇಶಕರು ಮತ್ತೊಮ್ಮೆ ಜಪಾನಿಗೆ ಹೋದರು.

ಅಜ್ಜಿಯ ತಕ್ಕಡಿ ಗಾಡಿಗೇರಿದ ದಿನ ರಾತ್ರಿ ಗುಲಗಂಜಿ ಸಾಹೇಬರು ಚಿಕ್ಕ ಬಟ್ಟಲ ಮುಂದೆ ಕೂತರು. ಅಕ್ಕಿ ಅಜ್ಜಿಯ ಅಂಗಡಿಯದ್ದೇ. ನಿಯಮದಂತೆ ಕೈಮುಗಿದವರು ಬಹಳ ಹೊತ್ತು ಕೈ ಬಿಡಿಸಲಿಲ್ಲ. ಮೊದಲ ತುತ್ತು ನೀರು ಕುಡಿದ ಮೇಲೆ ಇಳಿಯಿತು. ಆಮೇಲಿನವು ನೀರಿಲ್ಲದೆಯೇ ಇಳಿದವು. ಮೂರನೇ ಬಟ್ಟಲಿಗೆ ಬಗ್ಗಿದಾಗ ಪ್ಯಾಂಟಿನ ಗುಂಡಿ ಕಿತ್ತು ಗೋಡೆಗೆ ಹೊಡೆಯಿತು.

ಹೆಂಡತಿ ಗುಂಡಿಯನ್ನು ಹುಡುಕಿ ತಂದು ಬಟ್ಟಲ ಪಕ್ಕದಲ್ಲಿಟ್ಟರು. "ಟೈಲರ್ ಹೋದ ವಾರವಷ್ಟೇ ಅಳತೆ ತಗೊಂಡು ಹೊಲಿದದ್ದು ರೀ."

"ಅವನ ಟೇಪು ಸರಿಯಿಲ್ಲ. ನಾಳೆ ಹೋಗಿ ಜಪ್ತಿ ಮಾಡ್ತೀನಿ."

"ಹಾಗೇ ಮಾಡಿ," ಎಂದು ಹೆಂಡತಿ ಬಟ್ಟಲು ತುಂಬಿಸಿದರು.